ಕೆಲಸದ ಜಾಗದ ಆಡಿಟ್: ಲೆಕ್ಕದ ಪುಸ್ತಕದ ಆಚೆಗೆ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ವಾಣಿಜ್ಯ ವಿಭಾಗದವರಾದ ನಮಗೆ ಆಡಿಟ್ ಎಂದ ಕೂಡಲೇ ನೆನಪಾಗುವುದು ನಗದು ಪುಸ್ತಕ, ವೋಚರ್, ಅಢಾವೆ ಪತ್ರಿಕೆ. ಜಮಾ ಮತ್ತು ಖರ್ಚು ಸರಿಹೊಂದಿದರೆ ಆಡಿಟರ್ ಸಹಿ ಹಾಕುತ್ತಾರೆ. ಆದರೆ ಒಂದು ಕಾರ್ಖಾನೆಯ ಲೆಕ್ಕ ಒಂದು ಪೈಸೆಯೂ ತಪ್ಪಿಲ್ಲದೆ ಕೂಡಿಬಂದ ದಿನವೇ ಅದರ ಹಿಂಬಾಗಿಲಿಗೆ ಬೀಗ ಬಿದ್ದಿರಬಹುದು. ಯಂತ್ರದ ಬೆಲ್ಟಿಗೆ ಮುಚ್ಚಳ ಇಲ್ಲದಿರಬಹುದು. ಕೊಳಕು ನೀರು ಸೀದಾ ಚರಂಡಿಗೆ ಹೋಗುತ್ತಿರಬಹುದು. ಇವು ಯಾವುವೂ ಅಢಾವೆ ಪತ್ರಿಕೆಯಲ್ಲಿ ಕಾಣುವುದಿಲ್ಲ. ಇವುಗಳನ್ನು ನೋಡುವುದಕ್ಕೆ ಬೇರೆ ಆಡಿಟ್ ಇದೆ. ಅದು ಗುಣಮಟ್ಟ, ಆರೋಗ್ಯ, ಸುರಕ್ಷತೆ ಮತ್ತು ಪರಿಸರದ ಆಡಿಟ್. ಅದನ್ನು ಹೇಗೆ ಮಾಡುತ್ತಾರೆ, ಎಲ್ಲಿ ಅದು ಸೋಲುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ನಮ್ಮ ಪಠ್ಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಅಧ್ಯಾಯ ಇಲ್ಲ, ಆದರೂ ಇದಕ್ಕೆ ಬೇಕಾದ ಬಹುಪಾಲು ಪಾಠವನ್ನು ನಾವು ಆಗಲೇ ಓದಿದ್ದೇವೆ.

ನಾಲ್ಕು ವಿಷಯ, ಒಂದು ಕೆಲಸದ ಜಾಗ

ಗುಣಮಟ್ಟದ ಪ್ರಶ್ನೆ ಗ್ರಾಹಕನಿಗೆ ಸಂಬಂಧಿಸಿದ್ದು: ಹೇಳಿದ ಮಾಲನ್ನೇ ಕೊಡುತ್ತಿದ್ದೇವೆಯೇ? ಸುರಕ್ಷತೆಯ ಪ್ರಶ್ನೆ ಇವತ್ತಿನದು: ಇಂದು ಕೆಲಸಕ್ಕೆ ಬಂದವರು ಗಾಯವಿಲ್ಲದೆ ಮನೆಗೆ ಹೋಗುತ್ತಾರೆಯೇ? ಆರೋಗ್ಯದ ಪ್ರಶ್ನೆ ನಿಧಾನವಾದದ್ದು: ಹತ್ತು ವರ್ಷ ಇದೇ ಕೆಲಸ ಮಾಡಿದರೆ ಕೈ, ಕಣ್ಣು, ಉಸಿರು ಏನಾಗುತ್ತದೆ? ಪರಿಸರದ ಪ್ರಶ್ನೆ ಗೋಡೆಯ ಹೊರಗಿನವರದು: ನಮ್ಮ ಹೊಗೆ, ನೀರು, ಕಸ ಯಾರ ಪಾಲಿಗೆ ಹೋಗುತ್ತಿದೆ?

ಇವುಗಳಿಗೆ ಅಂತರರಾಷ್ಟ್ರೀಯ ಮಾನದಂಡಗಳಿವೆ. ಗುಣಮಟ್ಟಕ್ಕೆ ಐಎಸ್‌ಒ 9001, ಪರಿಸರಕ್ಕೆ ಐಎಸ್‌ಒ 14001, ಆರೋಗ್ಯ ಮತ್ತು ಸುರಕ್ಷತೆಗೆ 2018ರಲ್ಲಿ ಬಂದ ಐಎಸ್‌ಒ 45001. ಆಡಿಟ್ ಹೇಗೆ ಮಾಡಬೇಕು ಎಂದು ಹೇಳುವುದಕ್ಕೆಂದೇ ಐಎಸ್‌ಒ 19011 ಎಂಬ ಮಾರ್ಗದರ್ಶಿ ಇದೆ. ನಮ್ಮ ದೇಶದಲ್ಲಿ ಸುರಕ್ಷತೆ ಮತ್ತು ಆರೋಗ್ಯದ ಆಡಿಟ್‌ಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 14489 ಇದೆ. ಇವುಗಳ ಜೊತೆಗೆ ಸರ್ಕಾರದ ಕಾನೂನುಗಳಿವೆ. ಮಾನದಂಡವನ್ನು ಕಂಪನಿ ಬೇಕೆಂದು ಒಪ್ಪಿಕೊಳ್ಳುತ್ತದೆ. ಕಾನೂನಿಗೆ ಒಪ್ಪಿಗೆ ಬೇಕಿಲ್ಲ.

ತಪಾಸಣೆಗೂ ಆಡಿಟ್‌ಗೂ ಒಂದು ವ್ಯತ್ಯಾಸವಿದೆ. ಬೆಂಕಿ ಆರಿಸುವ ಸಿಲಿಂಡರ್ ಗೋಡೆಯ ಮೇಲೆ ಇದೆಯೇ, ಅದರ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ನೋಡುವುದು ತಪಾಸಣೆ. ಅದನ್ನು ನಿಯಮಿತವಾಗಿ ನೋಡುವ ಜವಾಬ್ದಾರಿ ಯಾರದು, ಅವರು ನಿಜವಾಗಿ ನೋಡಿದ್ದಾರೆಯೇ, ದೋಷ ಕಂಡಾಗ ಯಾರಿಗೆ ಹೇಳಿದರು, ಹೇಳಿದ ಮೇಲೆ ಏನಾಯಿತು ಎಂದು ಕೇಳುವುದು ಆಡಿಟ್. ತಪಾಸಣೆ ವಸ್ತುವನ್ನು ನೋಡುತ್ತದೆ, ಆಡಿಟ್ ವ್ಯವಸ್ಥೆಯನ್ನು ನೋಡುತ್ತದೆ.

ಆಡಿಟ್ ಮಾಡುವವರೂ ಮೂರು ಬಗೆ. ಕಂಪನಿ ತನ್ನನ್ನು ತಾನೇ ನೋಡಿಕೊಂಡರೆ ಅದು ಆಂತರಿಕ ಆಡಿಟ್. ಮಾಲು ಕೊಳ್ಳುವವರು ಬಂದು ನೋಡಿದರೆ ಎರಡನೇ ಪಕ್ಷದ ಆಡಿಟ್. ಇಬ್ಬರಿಗೂ ಸೇರದ ಸಂಸ್ಥೆ ಬಂದು ನೋಡಿ ಸರ್ಟಿಫಿಕೇಟ್ ಕೊಟ್ಟರೆ ಮೂರನೇ ಪಕ್ಷದ ಆಡಿಟ್. ಆಂತರಿಕ ಆಡಿಟ್‌ನಲ್ಲೂ ಒಂದು ನಿಯಮ ತಪ್ಪಬಾರದು: ತನ್ನ ಕೆಲಸವನ್ನು ತಾನೇ ಆಡಿಟ್ ಮಾಡಬಾರದು. ಕ್ಯಾಷಿಯರ್ ತನ್ನ ನಗದು ಪುಸ್ತಕಕ್ಕೆ ತಾನೇ ಆಡಿಟರ್ ಆಗುವುದಿಲ್ಲವಲ್ಲ, ಹಾಗೆಯೇ.

ನಾವು ಓದಿರುವ ಐದು ಹೆಜ್ಜೆ

ವ್ಯವಹಾರ ಅಧ್ಯಯನದ ‘ನಿಯಂತ್ರಣ’ ಅಧ್ಯಾಯವನ್ನು ನೆನಪಿಸಿಕೊಳ್ಳಿ. ಅಲ್ಲಿ ಐದು ಹೆಜ್ಜೆಗಳಿವೆ: ಮಾನದಂಡ ಗೊತ್ತುಮಾಡುವುದು, ನಡೆದ ಕೆಲಸವನ್ನು ಅಳೆಯುವುದು, ಎರಡನ್ನೂ ಹೋಲಿಸುವುದು, ವ್ಯತ್ಯಾಸಕ್ಕೆ ಕಾರಣ ಹುಡುಕುವುದು, ಸರಿಪಡಿಸುವುದು. ಕೆಲಸದ ಜಾಗದ ಆಡಿಟ್ ನಡೆಯುವುದು ಈ ಐದು ಹೆಜ್ಜೆಗಳ ಮೇಲೆಯೇ. ಪರೀಕ್ಷೆಯಲ್ಲಿ ಐದನ್ನೂ ಬರೆದರೆ ಪೂರ್ತಿ ಅಂಕ. ಕಾರ್ಖಾನೆಯಲ್ಲಿ ನಾಲ್ಕು ಹೆಜ್ಜೆ ಮುಗಿಸಿ ಐದನೆಯದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡುತ್ತೇವೆ.

ಅರ್ಥವಾಗುವುದಕ್ಕೆ ಒಂದು ಕೆಲಸದ ಜಾಗ ಬೇಕು. ರಾಮನಗರದ ಕಡೆಯ ನಮ್ಮಲ್ಲಿ ಹಲವರಿಗೆ ಗೊತ್ತಿರುವ ಜಾಗವನ್ನೇ ತೆಗೆದುಕೊಳ್ಳೋಣ. ಅದು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಒಂದು ಸಣ್ಣ ಫಿಲೇಚರ್. ಮಾರುಕಟ್ಟೆಯಲ್ಲಿ ಹರಾಜಿಗೆ ಬಂದ ಗೂಡನ್ನು ರೀಲರ್ ತರುತ್ತಾರೆ. ಗೂಡನ್ನು ಕುದಿನೀರಿನಲ್ಲಿ ಬೇಯಿಸಿ ಅಂಟು ಸಡಿಲವಾದ ಮೇಲೆ ಬಿಸಿನೀರಿನ ಬೇಸಿನ್‌ನಲ್ಲಿ ಎಳೆಯ ತುದಿ ಹಿಡಿದು ಹಲವು ಗೂಡುಗಳ ಎಳೆ ಸೇರಿಸಿ ಸುತ್ತುತ್ತಾರೆ. ನಾಲ್ಕು ವಿಷಯವೂ ಇಲ್ಲಿ ಒಂದೇ ಸೂರಿನಡಿ ಸಿಗುತ್ತವೆ.

ಗುಣಮಟ್ಟ: ಎಳೆ ಒಂದೇ ದಪ್ಪ ಇರಬೇಕು. ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಡೆನಿಯರ್. ಇನ್ನೊಂದು ಅಳತೆ ರೆಂಡಿಟ್ಟಾ, ಅಂದರೆ ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಎಂಬುದು. 80 ಕೆಜಿ ಗೂಡಿನಿಂದ 10 ಕೆಜಿ ನೂಲು ಬಂದರೆ ರೆಂಡಿಟ್ಟಾ 8.

ಸುರಕ್ಷತೆ: ಕುದಿನೀರು, ಹಬೆ, ಬಾಯ್ಲರ್, ತಿರುಗುವ ರಾಟೆ ಮತ್ತು ಬೆಲ್ಟು, ಒದ್ದೆ ನೆಲದ ಪಕ್ಕದಲ್ಲೇ ವಿದ್ಯುತ್ ತಂತಿ.

ಆರೋಗ್ಯ: ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳು, ಬೆಂದ ಹುಳದ ವಾಸನೆ, ಹೊಗೆ, ಉಬ್ಬಸ, ನಿಂತೇ ಮಾಡುವ ಕೆಲಸ.

ಪರಿಸರ: ಒಲೆಗೆ ಸುಡುವ ಸೌದೆ, ಬೇಸಿನ್‌ನಿಂದ ಹೊರಗೆ ಹೋಗುವ ಅಂಟುನೀರು, ಬೆಂದ ಹುಳ. ಹುಳವನ್ನು ಎಣ್ಣೆಗೆ, ಕೋಳಿ ಮತ್ತು ಮೀನಿನ ಆಹಾರಕ್ಕೆ ಮಾರಬಹುದು. ಕೊಳೆಯಲು ಬಿಟ್ಟರೆ ಬೀದಿಗೆಲ್ಲ ನಾತ.

ಈಗ ಆಡಿಟ್ ಶುರುಮಾಡೋಣ.

ಮೊದಲ ಕೆಲಸ: ವ್ಯಾಪ್ತಿ ಗೊತ್ತುಮಾಡುವುದು

ಆಡಿಟರ್ ಮೊದಲು ಬರೆದುಕೊಳ್ಳಬೇಕಾದದ್ದು ಏನನ್ನು ನೋಡುತ್ತೇನೆ, ಏನನ್ನು ನೋಡುವುದಿಲ್ಲ ಎಂಬುದು. ಬೇಸಿನ್ ಇರುವ ಕೋಣೆ ಮಾತ್ರವೇ? ಬಾಯ್ಲರ್, ಗೂಡಿನ ಉಗ್ರಾಣ, ಶೌಚಾಲಯ, ಚರಂಡಿ? ಹಗಲು ಪಾಳಿ ಮಾತ್ರವೇ? ಕಟ್ಟಡ? ಕಾಗದದ ಮೇಲೆ ಇದು ಒಂದೇ ಸಾಲು. ಆದರೆ ಈ ಸಾಲಿನಲ್ಲಿ ಏನು ಬಿಟ್ಟುಹೋಯಿತೋ ಅದನ್ನು ಮುಂದೆ ಯಾರೂ ನೋಡುವುದಿಲ್ಲ.

ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿದ್ದ ರಾನಾ ಪ್ಲಾಜಾ ಇದಕ್ಕೆ ಸಾಕ್ಷಿ. ಎಂಟು ಮಹಡಿಯ ಆ ಕಟ್ಟಡದಲ್ಲಿ ಐದು ಗಾರ್ಮೆಂಟ್ ಕಾರ್ಖಾನೆಗಳಿದ್ದವು. ಅವುಗಳಲ್ಲಿ ಎರಡು ಕಾರ್ಖಾನೆಗಳು ವಿದೇಶಿ ಖರೀದಿದಾರರ ಪದ್ಧತಿಯ ಆಡಿಟ್‌ನಲ್ಲಿ ಮೊದಲೇ ಪಾಸಾಗಿದ್ದವು. ಆ ಆಡಿಟ್ ಕೂಲಿ, ಕೆಲಸದ ಅವಧಿ ಮುಂತಾದವನ್ನು ನೋಡಿತ್ತು. ಕಟ್ಟಡ ಗಟ್ಟಿಯಾಗಿದೆಯೇ ಎಂಬುದು ಅದರ ವ್ಯಾಪ್ತಿಯಲ್ಲಿ ಇರಲೇ ಇಲ್ಲ. 2013ರ ಏಪ್ರಿಲ್ 23ರಂದು ಗೋಡೆಗಳಲ್ಲಿ ಬಿರುಕು ಕಾಣಿಸಿತು. ಕೆಳಗಿನ ಬ್ಯಾಂಕ್ ಮತ್ತು ಅಂಗಡಿಗಳು ಮುಚ್ಚಿದವು. ಗಾರ್ಮೆಂಟ್ ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆದರು. 24ರ ಬೆಳಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಆಡಿಟ್ ವರದಿಯಲ್ಲಿ ಸುಳ್ಳೇ ಇಲ್ಲದಿದ್ದರೂ ಅದು ಆ ಜನರನ್ನು ಕಾಯುವಂತಿರಲಿಲ್ಲ, ಏಕೆಂದರೆ ಅವರ ತಲೆಯ ಮೇಲಿನ ಸೂರನ್ನು ಅದು ಕೇಳಿರಲೇ ಇಲ್ಲ.

ನಮ್ಮ ಫಿಲೇಚರ್‌ಗೆ ಬಂದರೆ, ಬೇಸಿನ್ ಕೋಣೆಯನ್ನು ಚೆನ್ನಾಗಿ ನೋಡಿ ಬಾಯ್ಲರ್ ಕೋಣೆಯನ್ನು ಬಿಡುವುದೂ ಇದೇ ತಪ್ಪು. ದೊಡ್ಡ ಅಪಾಯ ಎಲ್ಲಿದೆಯೋ ಅದು ವ್ಯಾಪ್ತಿಯ ಮೊದಲ ಸಾಲಿನಲ್ಲಿ ಇರಬೇಕು.

ಎರಡನೆಯದು: ಪುರಾವೆ

ಲೆಕ್ಕಪರಿಶೋಧನೆಯಲ್ಲಿ ವೋಚಿಂಗ್ ಮತ್ತು ವೆರಿಫಿಕೇಷನ್ ಎಂಬ ಎರಡು ಮಾತುಗಳಿವೆ. ಪುಸ್ತಕದ ನಮೂದಿಗೆ ವೋಚರ್ ಇದೆಯೇ ಎಂದು ನೋಡುವುದು ವೋಚಿಂಗ್. ಪುಸ್ತಕದಲ್ಲಿ ಬರೆದಿರುವ ಯಂತ್ರ ಅಥವಾ ಸರಕು ನಿಜವಾಗಿ ಅಲ್ಲಿದೆಯೇ ಎಂದು ಹೋಗಿ ನೋಡುವುದು ವೆರಿಫಿಕೇಷನ್. ಕೆಲಸದ ಜಾಗದ ಆಡಿಟ್‌ನಲ್ಲಿ ಇವೆರಡೂ ಬೇಕು, ಜೊತೆಗೆ ಮೂರನೆಯದೊಂದು ಬೇಕು. ಹಾಗಾಗಿ ಪುರಾವೆ ಮೂರು ದಾರಿಯಲ್ಲಿ ಬರುತ್ತದೆ: ದಾಖಲೆ ಓದುವುದು, ಕಣ್ಣಾರೆ ನೋಡುವುದು, ಕೆಲಸ ಮಾಡುವವರನ್ನು ಕೇಳುವುದು.

ಒಂದು ಉದಾಹರಣೆ. ಪ್ರತಿ ಸೋಮವಾರ ಬಾಯ್ಲರ್‌ನ ಸೇಫ್ಟಿ ವಾಲ್ವ್ ನೋಡಿದ್ದೇವೆ ಎಂದು ರಿಜಿಸ್ಟರ್ ಹೇಳುತ್ತದೆ. ಇದು ದಾಖಲೆ. ಆಡಿಟರ್ ಪುಟ ತಿರುಗಿಸಿದಾಗ ಮೂರು ತಿಂಗಳ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಇದ್ದರೆ, ಒಂದು ಸೋಮವಾರ ಹಬ್ಬದ ರಜೆ ಇದ್ದೂ ಸಹಿ ಬಿದ್ದಿದ್ದರೆ, ಅನುಮಾನ ಬರಬೇಕು. ಆಮೇಲೆ ವಾಲ್ವ್ ಬಳಿ ಹೋಗಿ ನೋಡಬೇಕು. ಕೊನೆಗೆ ಬಾಯ್ಲರ್ ನೋಡಿಕೊಳ್ಳುವವರನ್ನು ಕೇಳಬೇಕು: ‘ಇದನ್ನು ಹೇಗೆ ನೋಡುತ್ತೀರಿ, ಒಮ್ಮೆ ತೋರಿಸಿ.’ ಮೂರೂ ಒಂದೇ ಮಾತು ಹೇಳಿದರೆ ಪುರಾವೆ ಗಟ್ಟಿ. ಮೂರು ಮೂರು ಕಡೆ ಎಳೆದರೆ ಅಲ್ಲಿಯೇ ಏನೋ ಇದೆ.

ಸರ್ಟಿಫಿಕೇಟ್ ಇದ್ದೂ ಇದೆಲ್ಲ ಕೆಲಸಕ್ಕೆ ಬಾರದೆ ಹೋದದ್ದು ಕರಾಚಿಯಲ್ಲಿ. ಬಲ್ದಿಯಾ ಟೌನ್‌ನ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ಎಸ್‌ಎ 8000 ಎಂಬ ಸರ್ಟಿಫಿಕೇಟ್ ಸಿಕ್ಕಿತು. ಕಾರ್ಮಿಕರ ಸುರಕ್ಷತೆಯೂ ಆ ಮಾನದಂಡದ ಒಂದು ಭಾಗ. ಕೊಟ್ಟದ್ದು ಇಟಲಿಯ ಸಂಸ್ಥೆ, ಆಡಿಟ್ ಮಾಡಿದ್ದು ಅದರ ಪರವಾಗಿ ಒಂದು ಸ್ಥಳೀಯ ಸಂಸ್ಥೆ. ಕೆಲವೇ ವಾರಗಳ ನಂತರ, ಸೆಪ್ಟೆಂಬರ್ 11ರಂದು ಅಲ್ಲಿ ಬೆಂಕಿ ಬಿತ್ತು. ಕಿಟಕಿಗಳಿಗೆ ಕಬ್ಬಿಣದ ಸರಳು, ಹೊರಹೋಗುವ ಬಾಗಿಲುಗಳಿಗೆ ಬೀಗ. 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿಯನ್ನು ಬೇಕೆಂದೇ ಹಚ್ಚಲಾಗಿತ್ತು ಎಂದು ಪಾಕಿಸ್ತಾನದ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಆದರೂ ನಮ್ಮ ಪಾಠ ಬದಲಾಗುವುದಿಲ್ಲ. ಬೆಂಕಿ ಯಾರು ಹಚ್ಚಿದರೂ ಬಾಗಿಲು ತೆರೆದಿದ್ದರೆ ಜನ ಹೊರಗೆ ಬರಬಹುದಿತ್ತು. ಬಾಗಿಲಿಗೆ ಬೀಗ ಇದೆಯೇ ಎಂದು ತಿಳಿಯುವುದಕ್ಕೆ ದೊಡ್ಡ ಪದವಿ ಬೇಕಿಲ್ಲ. ಎದ್ದು ಹೋಗಿ ಬಾಗಿಲು ತಳ್ಳಿ ನೋಡಿದರೆ ಸಾಕು.

ಇಲ್ಲಿ ವಾಣಿಜ್ಯ ವಿದ್ಯಾರ್ಥಿಗಳು ಕೇಳಬೇಕಾದ ಒಂದು ಪ್ರಶ್ನೆ ಇದೆ: ಆಡಿಟರ್‌ಗೆ ಸಂಬಳ ಕೊಡುವವರು ಯಾರು? ಸಾಮಾನ್ಯವಾಗಿ ಸರ್ಟಿಫಿಕೇಟ್ ಬೇಕಾದ ಕಂಪನಿಯೇ ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಹಣ ಕೊಡುತ್ತದೆ. ಇದು ಕಾನೂನುಬಾಹಿರವಲ್ಲ. ಹಣಕಾಸಿನ ಆಡಿಟ್‌ನಲ್ಲೂ ಹೀಗೆಯೇ ಇದೆ. ಆದರೆ ಬೇಗ ಮುಗಿಸಿ, ಸುಲಭವಾಗಿ ಪಾಸು ಮಾಡುವ ಆಡಿಟರ್‌ಗೆ ಮುಂದಿನ ವರ್ಷವೂ ಕೆಲಸ ಸಿಗುವ ಸಾಧ್ಯತೆ ಹೆಚ್ಚು ಎಂಬ ಆಕರ್ಷಣೆ ಇದರಲ್ಲಿದೆ. ಆಡಿಟರ್‌ನ ಸ್ವಾತಂತ್ರ್ಯ ಎಂದು ನಾವು ಓದುವ ಪಾಯಿಂಟ್ ಈ ಆಕರ್ಷಣೆಗೆ ಕಟ್ಟಿದ ಬೇಲಿ.

ಕೇಳುವುದು ಹೇಗೆ

ಆಡಿಟ್ ಎಂಬ ಮಾತು ಲ್ಯಾಟಿನ್ ಭಾಷೆಯದು. ಅದರ ಮೂಲ ಅರ್ಥ ಕೇಳಿಸಿಕೊಳ್ಳುವುದು. ಹಿಂದಿನ ಕಾಲದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ, ಆಡಿಟರ್ ಕುಳಿತು ಕೇಳುತ್ತಿದ್ದರಂತೆ. ಇಂದು ಲೆಕ್ಕದ ಆಡಿಟ್‌ನಲ್ಲಿ ಕಿವಿಗೆ ಹೆಚ್ಚು ಕೆಲಸ ಇಲ್ಲ. ಕೆಲಸದ ಜಾಗದ ಆಡಿಟ್‌ನಲ್ಲಿ ಮಾತ್ರ ಕಿವಿಯೇ ಮುಖ್ಯ.

ನನ್ನ ಖಾಲಾ ಮದುವೆಗೆ ಮೊದಲು ಕೆಲವು ವರ್ಷ ಒಂದು ಫಿಲೇಚರ್‌ನಲ್ಲಿ ಬೇಸಿನ್ ಮುಂದೆ ಕೆಲಸ ಮಾಡಿದವರು. ಅಲ್ಲಿಗೆ ಯಾರಾದರೂ ನೋಡಲು ಬರುತ್ತಿದ್ದರೇ ಎಂದು ಈ ಲೇಖನಕ್ಕಾಗಿ ಕೇಳಿದೆ. ಒಂದೆರಡು ಸಲ ಬಂದಿದ್ದರಂತೆ. ಮಾಲೀಕರು ಪಕ್ಕದಲ್ಲೇ ನಿಂತಿದ್ದರು. ಬಂದವರು ಕೈಯಲ್ಲಿ ಹಾಳೆ ಹಿಡಿದು ‘ಏನಾದರೂ ತೊಂದರೆ ಇದೆಯಾ?’ ಎಂದು ಕನ್ನಡದಲ್ಲಿ ಕೇಳಿದರು. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರದು ಉರ್ದು ಮನೆಮಾತು. ಎಲ್ಲರೂ ಸೇರಿ ‘ಸಬ್ ಠೀಕ್ ಹೈ ಸಾಬ್’ ಎಂದರು. ಹಾಳೆಯಲ್ಲಿ ಟಿಕ್ ಬಿತ್ತು. ಖಾಲಾ ಹೇಳಿದ ಕೊನೆಯ ಮಾತು ಇದು: ‘ಕೈ ತೋರಿಸು ಅಂತ ಯಾರೂ ಕೇಳಲಿಲ್ಲ.’ ಆಗ ಅವರ ಬೆರಳ ಸಂದುಗಳಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿಯುತ್ತಿತ್ತು. ರಾತ್ರಿ ರೊಟ್ಟಿ ಹಿಟ್ಟು ಕಲಸಲು ಉರಿಯುತ್ತಿತ್ತು.

ಈ ಮಾತಿನಿಂದ ಮೂರು ಕಲಿಕೆ ಸಿಗುತ್ತದೆ. ಮೊದಲನೆಯದಾಗಿ, ಮಾಲೀಕರಾಗಲಿ ಮೇಸ್ತ್ರಿಯಾಗಲಿ ಪಕ್ಕದಲ್ಲಿ ಇಲ್ಲದಾಗ ಕಾರ್ಮಿಕರನ್ನು ಕೇಳಬೇಕು, ಹೇಳಿದವರ ಹೆಸರನ್ನು ವರದಿಯಲ್ಲಿ ಹಾಕಬಾರದು. ಎರಡನೆಯದಾಗಿ, ಅವರು ಮನೆಯಲ್ಲಿ ಆಡುವ ಭಾಷೆಯಲ್ಲಿ ಕೇಳಬೇಕು. ಇಂಗ್ಲಿಷ್ ಚೆಕ್‌ಲಿಸ್ಟ್ ಹಿಡಿದು ಕನ್ನಡದಲ್ಲಿ ಕೇಳಿ ಉರ್ದುವಿನಲ್ಲಿ ಉತ್ತರ ಪಡೆದರೆ ನಡುವೆ ಎಷ್ಟೋ ಸೋರಿಹೋಗುತ್ತದೆ. ನಮ್ಮಂತೆ ಎರಡು ಮೂರು ಭಾಷೆಯ ನಡುವೆ ಬೆಳೆದವರಿಗೆ ಈ ಕೆಲಸದಲ್ಲಿ ದೊಡ್ಡ ಅನುಕೂಲ ಇದೆ ಎಂದು ನನಗೆ ಅನಿಸುತ್ತದೆ. ಮೂರನೆಯದಾಗಿ, ಹೌದು ಅಥವಾ ಇಲ್ಲ ಎಂದು ಮುಗಿಯುವ ಪ್ರಶ್ನೆ ಕೇಳಬಾರದು. ‘ತೊಂದರೆ ಇದೆಯಾ?’ ಎಂಬುದಕ್ಕಿಂತ ‘ಹೋದ ಸಲ ಕೈ ಸುಟ್ಟಾಗ ಏನು ಮಾಡಿದಿರಿ?’, ‘ಈಗ ಕರೆಂಟ್ ಹೋಗಿ ಬೆಂಕಿ ಬಿದ್ದರೆ ಯಾವ ಬಾಗಿಲಿನಿಂದ ಹೋಗುತ್ತೀರಿ?’ ಎಂದು ಕೇಳಿದರೆ ನಿಜ ಹೊರಬರುತ್ತದೆ.

ಮೂರನೆಯದು: ನ್ಯೂನತೆಯನ್ನು ಬರೆಯುವುದು

ಕಂಡದ್ದನ್ನು ಬರೆಯುವುದಕ್ಕೂ ಒಂದು ಕ್ರಮ ಇದೆ. ‘ಇಲ್ಲಿ ಸುರಕ್ಷತೆ ಸರಿಯಿಲ್ಲ’ ಎಂದು ಬರೆದರೆ ಅದು ಅಭಿಪ್ರಾಯ. ಮಾಲೀಕರು ‘ಸರಿಯಿದೆ’ ಎಂದರೆ ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಒಂದು ನ್ಯೂನತೆಯಲ್ಲಿ ಮೂರು ಭಾಗ ಇರಬೇಕು: ಇರಬೇಕಾದದ್ದು ಏನು, ಇದ್ದದ್ದು ಏನು, ಅದಕ್ಕೆ ಪುರಾವೆ ಏನು. ಹೀಗೆ:

ಇರಬೇಕಾದದ್ದು: ಜನ ಕೆಲಸದಲ್ಲಿರುವಾಗ ಹೊರಹೋಗುವ ಬಾಗಿಲು ಪೂರ್ತಿ ತೆರೆಯುವಂತಿರಬೇಕು.
ಇದ್ದದ್ದು: ಉಗ್ರಾಣದ ಪಕ್ಕದ ಹಿಂಬಾಗಿಲು ಅರ್ಧ ಮಾತ್ರ ತೆರೆಯುತ್ತದೆ.
ಪುರಾವೆ: ಬೆಳಗ್ಗೆ 11 ಗಂಟೆಗೆ ನೋಡಿದಾಗ ಬಾಗಿಲ ಮುಂದೆ 6 ಮೂಟೆ ಗೂಡು ಇತ್ತು. ವಾರದಲ್ಲಿ ಹೆಚ್ಚಿನ ದಿನ ಹೀಗೆಯೇ ಇರುತ್ತದೆ ಎಂದು ಇಬ್ಬರು ಕಾರ್ಮಿಕರು ಹೇಳಿದರು.

ಇದನ್ನು ಯಾರೂ ಅಲ್ಲಗಳೆಯಲಾರರು. ಯಾರ ಮೇಲೂ ಬೈಗುಳ ಇಲ್ಲ, ಅನುಮಾನ ಇಲ್ಲ. ಚೆನ್ನಾಗಿರುವುದನ್ನೂ ಹೀಗೆಯೇ ಬರೆಯಬೇಕು. ಬೆಲ್ಟುಗಳಿಗೆಲ್ಲ ಮುಚ್ಚಳ ಇದ್ದರೆ, ಕುಡಿಯುವ ನೀರು ಶುದ್ಧವಾಗಿದ್ದರೆ ಅದನ್ನು ಹೇಳದೆ ಇರುವುದು ನ್ಯಾಯವಲ್ಲ. ಸಣ್ಣ ರೀಲರ್‌ಗಳ ಲಾಭ ತೆಳುವಾದದ್ದು. ಗೂಡಿನ ಬೆಲೆ, ನೂಲಿನ ಬೆಲೆ ಎರಡೂ ಅವರ ಕೈಯಲ್ಲಿಲ್ಲ. ಆಡಿಟರ್ ಪೊಲೀಸರಂತೆ ಬಂದರೆ ಬಾಗಿಲು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ನ್ಯೂನತೆಗಳಲ್ಲಿ ದೊಡ್ಡದು, ಚಿಕ್ಕದು ಎಂದು ವಿಂಗಡಿಸುವುದೂ ಅವರಿಗೆ ನೆರವಾಗುತ್ತದೆ. ಪ್ರಾಣಕ್ಕೆ ಕುತ್ತು ತರುವಂಥದ್ದು ಮೊದಲು, ಬೋರ್ಡಿನ ಬಣ್ಣ ಮಾಸಿದ್ದು ಕೊನೆಗೆ.

ನಾಲ್ಕನೆಯದು: ಕಾರಣ ಹುಡುಕುವುದು

ಮೂಟೆ ಎತ್ತಿ ಪಕ್ಕಕ್ಕಿಟ್ಟರೆ ಬಾಗಿಲು ತೆರೆಯುತ್ತದೆ. ಆದರೆ ಮುಂದಿನ ವಾರ ಮೂಟೆ ಮತ್ತೆ ಅಲ್ಲೇ ಬರುತ್ತದೆ. ಹಾಗಾಗಿ ‘ಏಕೆ’ ಎಂದು ಮತ್ತೆ ಮತ್ತೆ ಕೇಳಬೇಕು. ಮೂಟೆ ಅಲ್ಲಿ ಏಕೆ? ಉಗ್ರಾಣ ತುಂಬಿದೆ. ಏಕೆ ತುಂಬಿದೆ? ಬೇಸಿನ್‌ಗಳು ಬಿಚ್ಚುವುದಕ್ಕಿಂತ ಹೆಚ್ಚು ಗೂಡು ತಂದಿದ್ದಾರೆ. ಏಕೆ? ಬೆಲೆ ಇಳಿದ ದಿನ ಹೆಚ್ಚು ಕೊಂಡರು. ಸುರಕ್ಷತೆಯ ಸಮಸ್ಯೆ ಎಂದು ಶುರುವಾದದ್ದು ಖರೀದಿಯ ಸಮಸ್ಯೆಯಾಗಿ ಮುಗಿಯಿತು. ಪರಿಹಾರವೂ ಅಲ್ಲೇ ಇದೆ: ಉಗ್ರಾಣದಲ್ಲಿ ಎಷ್ಟು ಮೂಟೆ ಹಿಡಿಯುತ್ತದೆ ಎಂದು ಗೊತ್ತುಮಾಡಿ ಅಷ್ಟೇ ಕೊಳ್ಳುವುದು, ಅಥವಾ ಅಟ್ಟಣಿಗೆ ಹಾಕಿಸುವುದು, ಬಾಗಿಲ ಮುಂದಿನ ನೆಲಕ್ಕೆ ಹಳದಿ ಗೆರೆ ಎಳೆಯುವುದು. ವಾಣಿಜ್ಯ ಓದಿದವರು ಈ ಆಡಿಟ್‌ನಲ್ಲಿ ಏಕೆ ಇರಬೇಕು ಎಂಬುದಕ್ಕೂ ಇದೇ ಉತ್ತರ.

ಬೆರಳಿನ ವಿಷಯದಲ್ಲೂ ಹೀಗೆಯೇ ಯೋಚಿಸಬೇಕು. ‘ಎಲ್ಲರಿಗೂ ಗ್ಲೌಸ್ ಕೊಡಿ’ ಎಂದು ಬರೆದು ಹೋಗುವುದು ಸುಲಭ. ಆದರೆ ಕೂದಲಿಗಿಂತ ತೆಳುವಾದ ಎಳೆಯ ತುದಿಯನ್ನು ಬೆರಳಿಗೆ ತಾಗಿಸಿಯೇ ಹುಡುಕಬೇಕು. ದಪ್ಪ ಗ್ಲೌಸ್ ಹಾಕಿದರೆ ಎಳೆ ಸಿಗುವುದಿಲ್ಲ, ಆದ್ದರಿಂದ ಗ್ಲೌಸ್ ಮೊಳೆಗೆ ನೇತಾಡುತ್ತದೆ. ಸುರಕ್ಷತೆಯ ಪಾಠದಲ್ಲಿ ಒಂದು ಕ್ರಮ ಇದೆ: ಸಾಧ್ಯವಾದರೆ ಅಪಾಯವನ್ನೇ ತೆಗೆಯಿರಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ತನ್ನಿ. ಆಮೇಲೆ ಯಂತ್ರದಿಂದ ತಡೆಯಿರಿ. ಆಮೇಲೆ ಕೆಲಸದ ರೀತಿ ಬದಲಿಸಿ. ಗ್ಲೌಸ್, ಹೆಲ್ಮೆಟ್ ಎಲ್ಲ ಕೊನೆಯದು. ಹಳೆಯ ಚರಕದಲ್ಲಿ ಬೇಯಿಸುವುದೂ ಬಿಚ್ಚುವುದೂ ಒಂದೇ ಕುದಿನೀರಿನಲ್ಲಿ. ಬೇಯಿಸುವುದನ್ನು ಬೇರೆ ಮಾಡಿ, ಕಡಿಮೆ ಬಿಸಿಯ ನೀರಿನಲ್ಲಿ ಬಿಚ್ಚುವ ಮಲ್ಟಿ ಎಂಡ್ ಯಂತ್ರ ಬಂದರೆ ಕೈಗೆ ಆರಾಮ, ಎಳೆಯ ಗುಣಮಟ್ಟವೂ ಮೇಲು. ಅಷ್ಟು ಬಂಡವಾಳ ಇಲ್ಲದಿದ್ದರೆ ಸರದಿಯ ಮೇಲೆ ಕೆಲಸ ಬದಲಿಸುವುದು, ಕೈ ಒಣಗಿಸಿಕೊಳ್ಳಲು ಬಿಡುವು ಮತ್ತು ಬಟ್ಟೆ, ಹಚ್ಚಿಕೊಳ್ಳಲು ಮುಲಾಮು. ಇವುಗಳಿಗೆ ಬೇಕಾಗುವ ಹಣ ಕಡಿಮೆ.

ಕೊನೆಯದು: ಮತ್ತೆ ಹೋಗಿ ನೋಡುವುದು

ವರದಿ ಕೊಟ್ಟ ದಿನ ಆಡಿಟ್ ಮುಗಿಯುವುದಿಲ್ಲ. ಪ್ರತಿಯೊಂದು ನ್ಯೂನತೆಯ ಮುಂದೆ ಯಾರು ಸರಿಪಡಿಸುತ್ತಾರೆ, ಯಾವ ತಾರೀಖಿನೊಳಗೆ ಎಂದು ಬರೆಯಬೇಕು. ಆ ತಾರೀಖು ಕಳೆದ ಮೇಲೆ ಯಾರಾದರೂ ಹೋಗಿ ಕಣ್ಣಾರೆ ನೋಡಬೇಕು. ಆಗ ಮಾತ್ರ ಆ ಸಾಲಿಗೆ ಗೆರೆ ಎಳೆಯಬಹುದು. ಐದನೇ ಹೆಜ್ಜೆ ಎಂದು ಮೊದಲು ಹೇಳಿದ್ದು ಇದನ್ನೇ.

ಭೋಪಾಲ್‌ನಲ್ಲಿ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಗೆ ಆಡಿಟ್ ಆಗಿರಲಿಲ್ಲ ಎಂದು ಹಲವರು ತಿಳಿದಿದ್ದಾರೆ. ಆಗಿತ್ತು. 1982ರ ಮೇ ತಿಂಗಳಲ್ಲಿ ಮಾತೃ ಕಂಪನಿಯ ಎಂಜಿನಿಯರ್‌ಗಳು ಅಮೆರಿಕದಿಂದ ಬಂದು ಸುರಕ್ಷತಾ ಸಮೀಕ್ಷೆ ನಡೆಸಿ, ಗಂಭೀರವಾದ ಹಲವು ದೋಷಗಳನ್ನು ಪಟ್ಟಿ ಮಾಡಿದರು. ಉಪಕರಣ ಕೆಟ್ಟರೆ ವಿಷ ಹೊರಬೀಳುವ ಸಾಧ್ಯತೆ, ಪೈಪುಗಳಿಗೆ ತಡೆಬಿಲ್ಲೆ ಹಾಕದೆ ಸ್ವಚ್ಛಗೊಳಿಸುವ ಅಭ್ಯಾಸ, ಕೆಲಸಗಾರರು ಮೇಲಿಂದ ಮೇಲೆ ಬದಲಾಗುತ್ತಿರುವುದು, ಇವೆಲ್ಲ ಅದರಲ್ಲಿದ್ದವು. ಸರಿಪಡಿಸುತ್ತಿದ್ದೇವೆ ಎಂದು ಭೋಪಾಲ್‌ನಿಂದ ಅಮೆರಿಕಕ್ಕೆ ವರದಿಗಳು ಹೋದವು. ಕಾಗದದ ಮೇಲೆ ಕೆಲಸ ಸಾಗುತ್ತಿತ್ತು. ಅದೇ ವರ್ಷ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ಈ ಅಪಾಯದ ಬಗ್ಗೆ ಸ್ಥಳೀಯ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದ್ದರು.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಟ್ಯಾಂಕಿನೊಳಗೆ ನೀರು ಸೇರಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಹೊರಬಿತ್ತು. ನೀರು ಹೇಗೆ ಸೇರಿತು ಎಂಬ ಬಗ್ಗೆ ವಾದ ಇದೆ. ಆದರೆ ಆ ರಾತ್ರಿ ರಕ್ಷಣೆಯ ಉಪಕರಣಗಳು ಯಾವ ಸ್ಥಿತಿಯಲ್ಲಿದ್ದವು ಎಂಬ ಬಗ್ಗೆ ವಾದ ಇಲ್ಲ. ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಅನಿಲವನ್ನು ಸುಡಬೇಕಾದ ಗೋಪುರಕ್ಕೆ ಹೋಗುವ ಪೈಪಿನ ಒಂದು ಭಾಗವನ್ನು ರಿಪೇರಿಗೆ ಬಿಚ್ಚಿದ್ದರು. ಅನಿಲವನ್ನು ತೊಳೆಯುವ ಘಟಕ ಚಾಲನೆಯಲ್ಲಿರಲಿಲ್ಲ. ನೀರಿನ ಚಿಮ್ಮು ಅನಿಲ ಹೊರಬರುತ್ತಿದ್ದ ಎತ್ತರಕ್ಕೆ ಮುಟ್ಟಲಿಲ್ಲ. ಮಧ್ಯಪ್ರದೇಶ ಸರ್ಕಾರ ದೃಢಪಡಿಸಿದ ಸಾವಿನ ಸಂಖ್ಯೆಯೇ 3,787. ಬದುಕುಳಿದವರ ಸಂಘಟನೆಗಳ ಲೆಕ್ಕ ಇದಕ್ಕಿಂತ ಬಹಳ ಹೆಚ್ಚು. ಈ ದೋಷಗಳೆಲ್ಲ 1982ರ ಪಟ್ಟಿಯಲ್ಲಿ ಇದ್ದವಲ್ಲ, ಕೆಲವು ಆಮೇಲೆ ಹುಟ್ಟಿಕೊಂಡವು. ನಷ್ಟದಲ್ಲಿದ್ದ ಕಾರ್ಖಾನೆಯಲ್ಲಿ ಖರ್ಚು ಕಡಿತ ನಡೆದಿತ್ತು. ಆಡಿಟ್ ಒಂದು ದಿನದ ಫೋಟೋ ಇದ್ದಂತೆ. ಎರಡೂವರೆ ವರ್ಷದ ಹಿಂದಿನ ಫೋಟೋ ನೋಡಿ ಇವತ್ತು ಆರೋಗ್ಯವಾಗಿದ್ದೇವೆ ಎಂದು ಹೇಳಲಾಗುವುದಿಲ್ಲ.

ಈ ದುರಂತದ ನಂತರ ನಮ್ಮ ದೇಶದಲ್ಲಿ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸ ಅಧ್ಯಾಯ ಸೇರಿತು. ರಾನಾ ಪ್ಲಾಜಾ ಕುಸಿದ ಮುಂದಿನ ತಿಂಗಳು ಖರೀದಿದಾರ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳ ನಡುವೆ ಬಾಂಗ್ಲಾದೇಶ ಅಕಾರ್ಡ್ ಎಂಬ ಒಪ್ಪಂದವಾಯಿತು. ಅದರಲ್ಲಿ ಹೊಸದು ಮೂರು: ಎಂಜಿನಿಯರ್‌ಗಳು ಕಟ್ಟಡ, ಬೆಂಕಿ, ವಿದ್ಯುತ್ ಮೂರನ್ನೂ ನೋಡಬೇಕು. ಅವರ ವರದಿ ಯಾರು ಬೇಕಾದರೂ ಓದುವಂತೆ ಪ್ರಕಟವಾಗಬೇಕು. ಸರಿಪಡಿಸದ ಕಾರ್ಖಾನೆಯಿಂದ ಖರೀದಿ ನಿಲ್ಲಬೇಕು, ಈ ಮಾತಿಗೆ ಕಂಪನಿಗಳು ಕಾನೂನಿನ ಮುಂದೆ ಬದ್ಧ. ವ್ಯಾಪ್ತಿ, ಪುರಾವೆ, ಮತ್ತೆ ಹೋಗಿ ನೋಡುವುದು, ಮೂರಕ್ಕೂ ಇದರಲ್ಲಿ ಜಾಗ ಸಿಕ್ಕಿತು.

ನಾವೇ ಮಾಡಬಹುದಾದ ಅಭ್ಯಾಸ

ಇದನ್ನು ಕಲಿಯುವುದಕ್ಕೆ ಕಾರ್ಖಾನೆಯೇ ಬೇಕಿಲ್ಲ. ನಾಲ್ಕೈದು ಜನರ ಗುಂಪಾಗಿ, ಪ್ರಾಂಶುಪಾಲರ ಅನುಮತಿ ಪಡೆದು, ನಮ್ಮ ಕಾಲೇಜನ್ನೇ ಒಂದು ಮಧ್ಯಾಹ್ನ ನೋಡಬಹುದು. ಕಾಮರ್ಸ್‌ನವರು ಸೈನ್ಸ್ ಲ್ಯಾಬ್ ನೋಡಲಿ, ಸೈನ್ಸ್‌ನವರು ನಮ್ಮ ತರಗತಿಗಳನ್ನು ನೋಡಲಿ. ತನ್ನ ಕೆಲಸವನ್ನು ತಾನೇ ಆಡಿಟ್ ಮಾಡಬಾರದು ಎಂಬ ನಿಯಮ ಹೀಗೆ ಪಾಲನೆಯಾಗುತ್ತದೆ. ಶುರುಮಾಡಲು ಎಂಟು ಪ್ರಶ್ನೆ:

1. ಬೆಂಕಿ ಆರಿಸುವ ಸಿಲಿಂಡರ್ ಎಷ್ಟಿವೆ? ಕೊನೆಯ ಬಾರಿ ನೋಡಿದ ತಾರೀಖು ಅವುಗಳ ಚೀಟಿಯಲ್ಲಿ ಇದೆಯೇ? ಅದನ್ನು ಬಳಸಲು ಬರುವವರು ಯಾರು?
2. ಮೇಲಿನ ಮಹಡಿಯಿಂದ ಕೆಳಗಿಳಿಯಲು ಎಷ್ಟು ದಾರಿ? ತರಗತಿ ನಡೆಯುವಾಗ ಎಲ್ಲವೂ ತೆರೆದಿರುತ್ತವೆಯೇ? ತಳ್ಳಿ ನೋಡಿ.
3. ಕುಡಿಯುವ ನೀರಿನ ಟ್ಯಾಂಕ್ ತೊಳೆದದ್ದು ಯಾವಾಗ? ದಾಖಲೆ ಎಲ್ಲಿದೆ?
4. ವುಜು ಮಾಡುವ ಜಾಗದ ನೆಲ ಜಾರುತ್ತದೆಯೇ? ಆ ನೀರು ಎಲ್ಲಿಗೆ ಹೋಗುತ್ತದೆ? ಗಿಡಗಳಿಗೆ ತಿರುಗಿಸಬಹುದೇ?
5. ಕೆಮಿಸ್ಟ್ರಿ ಲ್ಯಾಬ್‌ನ ಬಾಟಲಿಗಳಿಗೆಲ್ಲ ಹೆಸರಿನ ಚೀಟಿ ಇದೆಯೇ? ಕಣ್ಣಿಗೆ ಆಸಿಡ್ ಸಿಡಿದರೆ ತೊಳೆಯಲು ನೀರು ಎಷ್ಟು ಹೆಜ್ಜೆ ದೂರ?
6. ವೈರಿಂಗ್ ಎಲ್ಲಾದರೂ ಬಿಚ್ಚಿಕೊಂಡಿದೆಯೇ? ದೂರು ಯಾರಿಗೆ ಕೊಡಬೇಕು ಎಂದು ಎಲ್ಲರಿಗೂ ಗೊತ್ತೇ?
7. ಶೌಚಾಲಯದಲ್ಲಿ ನೀರು, ಚಿಲಕ, ಬೆಳಕು ಇದೆಯೇ? ಇದನ್ನು ಹೆಣ್ಣುಮಕ್ಕಳ ಕಡೆಯಿಂದ ಹೆಣ್ಣುಮಕ್ಕಳೇ ಕೇಳಲಿ.
8. ಕಸ ಗುಡಿಸುವ, ಶೌಚಾಲಯ ತೊಳೆಯುವ ಅಕ್ಕಂದಿರು ಯಾವ ಪುಡಿ, ಯಾವ ದ್ರಾವಣ ಬಳಸುತ್ತಾರೆ? ಅವರ ಕೈ ಹೇಗಿದೆ?

ಎಂಟನೆಯ ಪ್ರಶ್ನೆಯನ್ನು ಬಿಡಬೇಡಿ. ಉತ್ತರಗಳನ್ನು ಇರಬೇಕಾದದ್ದು, ಇದ್ದದ್ದು, ಪುರಾವೆ ಎಂಬ ಮೂರು ಸಾಲಿನಲ್ಲಿ ಬರೆದು ಪ್ರಾಂಶುಪಾಲರಿಗೆ ಕೊಡಿ. ಕೊಡುವಾಗಲೇ ಒಂದು ತಾರೀಖು ಕೇಳಿ ಬರೆದುಕೊಳ್ಳಿ. ಆ ತಾರೀಖಿನಂದು ಅದೇ ಪಟ್ಟಿ ಹಿಡಿದು ಮತ್ತೆ ಹೋಗಿ ನೋಡಿ.